ದುಃಖವು ದಾಸೋಹವಾಗಲಿ

(ಹೊನ್ನಾಳಿಯಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಚನ್ನಗಿರಿ, ನ್ಯಾಮತಿ, ಜಗಳೂರು ಮತ್ತು ಹೊನ್ನಾಳಿ ತಾಲ್ಲೂಕುಗಳ ಭಕ್ತರನ್ನು ಕುರಿತು ನೀಡಿದ ಆಶೀರ್ವಚನ)



ತುಂಗಭದ್ರೆಯ ದಂಡೆಯ ಮೇಲಿರುವ ಈ ಊರಿನಲ್ಲಿ ಇಂದು ನಾಲ್ಕು ತಾಲ್ಲೂಕಿನ ಜನ ಸೇರಿದ್ದೀರಿ. ದಾಸೋಹದ ಬಗ್ಗೆ ಎರಡು ಮಾತು ಹೇಳಬೇಕೆಂದು ಕಾರ್ಯಕರ್ತರು ಕೇಳಿದ್ದಾರೆ. ದಾಸೋಹವೆಂದ ಕೂಡಲೆ ನಿಮ್ಮ ಕಣ್ಣ ಮುಂದೆ ಅನ್ನದ ಕೊಪ್ಪರಿಗೆ ಬರುತ್ತದೆ, ಪಂಕ್ತಿ ಬರುತ್ತದೆ. ಅದು ತಪ್ಪಲ್ಲ. ಹಸಿದವನಿಗೆ ಅನ್ನವೇ ಮೊದಲ ದಾಸೋಹ. ಆದರೆ ಇವತ್ತು ನಾವು ಬೇರೊಂದು ದಾಸೋಹದ ವಿಷಯ ಮಾತನಾಡಬೇಕೆಂದಿದ್ದೇವೆ. ಅದಕ್ಕೆ ಕಾರಣವಾದವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ. ಹೇಳಬೇಡಿ ಬುದ್ಧಿ ಎಂದು ಅವರೇ ಕೇಳಿಕೊಂಡಿದ್ದಾರೆ. ಆದರೆ ನಡೆದದ್ದನ್ನು ಹೇಳಲು ಒಪ್ಪಿದ್ದಾರೆ.

ಒಂದು ಮನೆ. ಅಡಿಕೆ ತೋಟ ಇದೆ, ಸ್ವಲ್ಪ ಗದ್ದೆ ಇದೆ. ಆ ಮನೆಯ ಹನ್ನೊಂದು ವರ್ಷದ ಹೆಣ್ಣುಮಗು ಒಂದು ಸಂಜೆ ಶಾಲೆಯಿಂದ ಬಂದು ತಲೆನೋವು ಎಂದು ಮಲಗಿತು. ಜ್ವರ ಬಂತು. ಮೂರನೆಯ ದಿನ ಮಾತು ತೊದಲಿತು, ನಾಲ್ಕನೆಯ ದಿನ ಎಚ್ಚರ ತಪ್ಪಿತು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಿದುಳಿಗೆ ಉರಿಯೂತ ಎಂದರು. ರಕ್ತ ತೆಗೆದರು, ಬೆನ್ನಿನ ನೀರು ತೆಗೆದರು, ಏನೇನು ಪರೀಕ್ಷೆ ಇದೆಯೋ ಎಲ್ಲ ಮಾಡಿದರು. ಎಂಟನೆಯ ದಿನ ಮಗು ಲಿಂಗೈಕ್ಯವಾಯಿತು.

ಶಿವಗಣಾರಾಧನೆಯಾದ ಮೇಲೆ ನಾವು ಆ ಮನೆಗೆ ಹೋದೆವು. ತಾಯಿ ಗೋಡೆಗೆ ಒರಗಿ ಕುಳಿತಿದ್ದಳು. "ಬುದ್ಧಿ, ನಮ್ಮ ಮಗು ಯಾಕೆ ಹೋಯಿತು?" ಎಂದು ಕೇಳಿದಳು. ಇಂಥ ಕಡೆ ಸ್ವಾಮಿಗಳು ಏನು ಹೇಳುತ್ತಾರೋ ಅದನ್ನೇ ನಾವೂ ಹೇಳಿದೆವು: "ತಾಯಿ, ಶಿವನ ಇಚ್ಛೆ, ನಮಗೆ ಗೊತ್ತಾಗುವುದಿಲ್ಲ." ಆಕೆ ನಮ್ಮ ಮುಖ ನೋಡಿ ಹೇಳಿದಳು: "ಡಾಕ್ಟರೂ ಹಂಗೇ ಅಂದ್ರು ಬುದ್ಧಿ. ಕಾರಣ ಗೊತ್ತಾಗಲಿಲ್ಲ ಅಂದ್ರು."

ಬಂಧುಗಳೇ, ಆ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಡಾಕ್ಟರಿಗೂ ಗೊತ್ತಿಲ್ಲ, ಸ್ವಾಮಿಗೂ ಗೊತ್ತಿಲ್ಲ. ಹಾಗಾದರೆ ಇಬ್ಬರೂ ಒಂದೇ ಆದೆವೇ? ಯೋಚನೆ ಮಾಡುತ್ತಾ ಹೋದಾಗ ನಮಗೆ ಹೊಳೆಯಿತು. ನಮ್ಮ "ಗೊತ್ತಿಲ್ಲ" ಎಂಬುದು ಅಲ್ಲಿಗೇ ನಿಲ್ಲುತ್ತದೆ. ಡಾಕ್ಟರ "ಗೊತ್ತಿಲ್ಲ" ಎಂಬುದು ನಿಲ್ಲಬೇಕಾಗಿಲ್ಲ. ಯಾರಾದರೂ ಹುಡುಕಿದರೆ ಅದು ಒಂದು ದಿನ "ಗೊತ್ತಾಯಿತು" ಎಂದಾಗಬಹುದು. ಆ ಹುಡುಕಾಟಕ್ಕೇ ಸಂಶೋಧನೆ ಎನ್ನುತ್ತಾರೆ.

ಇದು ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿಂದ ಪಡುವಣಕ್ಕೆ ಹೋದರೆ ಸೊರಬ ತಾಲ್ಲೂಕು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು. ಕಾಡಿಗೆ ಸೌದೆಗೆ ಹೋದವರಿಗೆ ಜ್ವರ ಹಿಡಿಯಿತು, ಜನ ಸತ್ತರು. ಗಾಳಿ ಎಂದವರಿದ್ದಾರೆ, ದೇವರ ಮುನಿಸು ಎಂದವರಿದ್ದಾರೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಕಾಡು ಸುತ್ತಿದರು, ಸತ್ತ ಮಂಗವನ್ನು ಕೊಯ್ದು ನೋಡಿದರು, ಹುಲ್ಲಿನಲ್ಲಿರುವ ಉಣ್ಣೆಹುಳು ಹಿಡಿದು ನೋಡಿದರು. ಒಂದು ವೈರಸ್, ಅದನ್ನು ಹರಡುವುದು ಉಣ್ಣೆ ಎಂದು ಗೊತ್ತಾಯಿತು. ಮಂಗ ಸತ್ತ ಕಡೆ ಹೋಗಬೇಡಿ, ಮೈಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಇಂದು ಆಶಾ ಕಾರ್ಯಕರ್ತೆ ಹೇಳುತ್ತಾಳಲ್ಲ, ಆ ಒಂದು ಮಾತಿನ ಹಿಂದೆ ಅಷ್ಟು ಜನರ ದುಡಿಮೆ ಇದೆ.

ಜಗಳೂರಿನವರು ಇದ್ದೀರಿ. ನಿಮ್ಮ ಕಡೆ ಕೊಳವೆಬಾವಿ ಆಳಕ್ಕೆ ಹೋದಂತೆ ನೀರಿನಲ್ಲಿ ಫ್ಲೋರೈಡ್ ಬಂತು. ಹಲ್ಲು ಕಂದಿತು, ಮಂಡಿ ಹಿಡಿಯಿತು, ಬೆನ್ನು ಬಾಗಿತು. ಹಿಂದಿನವರು ಇದನ್ನು ವಾಯು ಎಂದು ತಿಳಿದಿದ್ದರು. 1937ರಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಇಂಥ ರೋಗಿಗಳನ್ನು ಪರೀಕ್ಷಿಸಿ ಇದು ನೀರಿನಿಂದ ಬರುವ ರೋಗವೆಂದು ಬರೆದಿಟ್ಟರು. ಗೊತ್ತಾದ ಮೇಲೆಯೇ ಅಲ್ಲವೇ ಶುದ್ಧ ನೀರು ಬೇಕು, ಹೊಳೆಯ ನೀರು ಕೆರೆಗೆ ಬರಬೇಕು ಎಂದು ನೀವು ಗಟ್ಟಿಯಾಗಿ ಕೇಳಲು ಸಾಧ್ಯವಾದದ್ದು?

ಈಗ ಆ ಮನೆಯ ಕಥೆಗೆ ಬರೋಣ. ವರ್ಷ ತುಂಬುತ್ತಾ ಬಂತು. ಮಗಳ ಹೆಸರಿನಲ್ಲಿ ಕೂಡಿಟ್ಟ ಹಣ, ತೋಟ ಚೇಣಿಗೆ ಕೊಟ್ಟು ಬಂದ ಹಣ ಎರಡೂ ಇದ್ದವು. ಅಜ್ಜ ಹೇಳಿದರು, ಊರಲ್ಲಿ ಕಲ್ಯಾಣ ಮಂಟಪ ಕಟ್ಟಿಸೋಣ. ತಂದೆ ಮಠಕ್ಕೆ ಬಂದು, ಮಗುವಿನ ಹೆಸರಿನಲ್ಲಿ ಬೆಳ್ಳಿಯ ಪಲ್ಲಕ್ಕಿ ಮಾಡಿಸಿಕೊಡುತ್ತೇವೆ ಬುದ್ಧಿ ಎಂದರು. ನಾವು ಕೇಳಿದೆವು, ತಾಯಿ ಏನು ಹೇಳುತ್ತಾಳೆ? ಆಕೆಯನ್ನು ಯಾರೂ ಕೇಳಿರಲಿಲ್ಲ. ಕರೆಸಿ ಕೇಳಿದೆವು. ಆಕೆ ಹೇಳಿದ್ದಿಷ್ಟೇ: "ಆ ಕಾರಣ ಹುಡುಕೋರು ಯಾರಾದರೂ ಇದ್ದರೆ ಅವರಿಗೆ ಕೊಡಿ."

ಪಲ್ಲಕ್ಕಿ ಬೇಡವೆಂದು ನಾವು ಹೇಳಿದೆವು. ಮಠಕ್ಕೆ ಬರುವ ಬೆಳ್ಳಿಯನ್ನು ಸ್ವಾಮಿಗಳೇ ಬೇಡವೆನ್ನುತ್ತಾರಲ್ಲ ಎಂದು ಕೆಲವರಿಗೆ ಆಶ್ಚರ್ಯವಾಗಿರಬಹುದು. ಆದರೆ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿದೆ. ಗಂಡ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದಳು ಆ ತಾಯಿ. ಮಠಕ್ಕೆ ಬೇಕಾದಷ್ಟು ಪಲ್ಲಕ್ಕಿ ಇದೆ. ಆ ಬೆಳ್ಳಿ ಎಲ್ಲಿ ಬೇಕೋ ಅಲ್ಲಿಗೆ ಹೋಗಲಿ. ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬ ವೈದ್ಯರೂ ಇದ್ದರು. ರೋಗ ತಿಳಿಯುವುದೂ ಶರಣರ ಕಾಯಕವೇ ಆಗಿತ್ತು.

ಹೀಗೆ ನೊಂದವರು ಸಂಶೋಧನೆಗೆ ದತ್ತಿ ಇಟ್ಟ ದೊಡ್ಡ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಅದಕ್ಕೆ ನಮ್ಮ ಕನ್ನಡನಾಡಿನ ನಂಟೂ ಇದೆ. ಮೈಸೂರು ಸಂಸ್ಥಾನದಲ್ಲಿ ಎಚ್. ಜೆ. ಭಾಭಾ ಎಂಬ ವಿದ್ಯಾಧಿಕಾರಿಗಳಿದ್ದರು. ಅವರ ಮಗಳು ಮೆಹರ್‌ಬಾಯಿ. ಹುಟ್ಟಿದ್ದು 1879ರಲ್ಲಿ, ಓದಿ ಬೆಳೆದದ್ದು ಬೆಂಗಳೂರಿನಲ್ಲಿ. 1898ರಲ್ಲಿ ಆಕೆ ಜಮ್‌ಶೆಡ್‌ಜಿ ಟಾಟಾ ಅವರ ಮಗ ದೊರಾಬ್‌ಜಿ ಟಾಟಾ ಅವರನ್ನು ಮದುವೆಯಾದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ನೀವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ತಂದೆಯ ತರುವಾಯ ನೆಲೆಗೊಳಿಸಿದವರು ಈ ದೊರಾಬ್‌ಜಿಯವರೇ. ಮಕ್ಕಳಿರಲಿಲ್ಲ. ಮೆಹರ್‌ಬಾಯಿಯವರು ಬಾಲ್ಯವಿವಾಹದ ವಿರುದ್ಧ ದುಡಿದವರು. 1931ರ ಜೂನ್‌ನಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗಿನ್ನೂ 51 ವರ್ಷ. ಗಂಡನ ಬಳಿ ದೇಶದಲ್ಲೇ ದೊಡ್ಡ ಶ್ರೀಮಂತಿಕೆ ಇತ್ತು. ಹೆಂಡತಿಗೆ ತೊಡಿಸಿದ 245 ಕ್ಯಾರೆಟ್‌ನ ವಜ್ರವಿತ್ತು. ಆದರೆ ಆ ರೋಗಕ್ಕೆ ಮದ್ದು ಜಗತ್ತಿನಲ್ಲಿ ಯಾರ ಬಳಿಯೂ ಇರಲಿಲ್ಲ.

ದೊರಾಬ್‌ಜಿಯವರು ಏನು ಮಾಡಿದರು? 1932ರಲ್ಲಿ ಹೆಂಡತಿಯ ಹೆಸರಿನಲ್ಲಿ ಲೇಡಿ ಟಾಟಾ ಸ್ಮಾರಕ ದತ್ತಿಯನ್ನು ಸ್ಥಾಪಿಸಿದರು. ಉದ್ದೇಶ ಸ್ಪಷ್ಟವಾಗಿತ್ತು. ಆದಾಯದ ಐದು ಪಾಲಿನಲ್ಲಿ ನಾಲ್ಕು ಪಾಲು ರಕ್ತದ ಕ್ಯಾನ್ಸರ್ ಸಂಶೋಧನೆಗೆ, ಅದು ಯಾವ ದೇಶದಲ್ಲಿ ನಡೆದರೂ ಸರಿ. ಉಳಿದ ಒಂದು ಪಾಲು ರೋಗದ ಸಂಕಟ ಕಡಿಮೆ ಮಾಡುವಂಥ ಸಂಶೋಧನೆಗೆ, ನಮ್ಮ ದೇಶದಲ್ಲಿ. ತಮ್ಮ ಉಳಿದ ಆಸ್ತಿಯನ್ನೂ ಅದೇ ವರ್ಷ ಇನ್ನೊಂದು ದತ್ತಿಗೆ ಬರೆದುಕೊಟ್ಟರು. ಆ ವಜ್ರವೂ ಮುಂದೆ ಮಾರಾಟವಾಗಿ ಹಣ ದತ್ತಿಗೇ ಸೇರಿತು. ಎಲ್ಲ ಬರೆದುಕೊಟ್ಟು ಅದೇ 1932ರ ಜೂನ್‌ನಲ್ಲಿ, ಹೆಂಡತಿ ತೀರಿಕೊಂಡು ವರ್ಷ ತುಂಬುವ ಮೊದಲೇ, ಅವರೂ ತೀರಿಕೊಂಡರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಬಾಗಿಲು ತೆರೆಯಿತು. ಕ್ಯಾನ್ಸರ್ ಬಂದವರನ್ನು ನಮ್ಮ ಊರುಗಳಿಂದಲೂ ಅಲ್ಲಿಗೆ ಕರೆದುಕೊಂಡು ಹೋಗಿದ್ದಾರೆ. ದೊರಾಬ್‌ಜಿಯವರು ಇದೊಂದನ್ನೂ ಕಣ್ಣಾರೆ ನೋಡಲಿಲ್ಲ.

ಇನ್ನೊಬ್ಬರ ಕಥೆ ಕೇಳಿ. ಯಲ್ಲಾಪ್ರಗಡ ಸುಬ್ಬರಾವ್ ಎಂಬವರು ಆಂಧ್ರದ ಭೀಮಾವರದವರು. ಅವರ ಇಬ್ಬರು ಸೋದರರು ಸ್ಪ್ರೂ ಎಂಬ ಕರುಳಿನ ರೋಗದಿಂದ ತೀರಿಕೊಂಡರು. ತಿಂದದ್ದು ಮೈಗೆ ಹತ್ತದೆ ರಕ್ತ ಬತ್ತಿಹೋಗುವ ರೋಗ ಅದು. ಸುಬ್ಬರಾಯರು ವೈದ್ಯರಾದರು, ಹೆಚ್ಚಿನ ಓದಿಗೆ ಅಮೆರಿಕಕ್ಕೆ ಹೊರಟರು. ಕೈಯಲ್ಲಿ ಕಾಸಿಲ್ಲ. ಹೆಣ್ಣು ಕೊಟ್ಟ ಮಾವ ಸಹಾಯ ಮಾಡಿದರು. ಕಾಕಿನಾಡಿನ ಮಲ್ಲಾಡಿ ಸತ್ಯಲಿಂಗ ನಾಯಕರ್ ಎಂಬ ದಾನಿಗಳ ದತ್ತಿಯೂ ಸಹಾಯಕ್ಕೆ ನಿಂತಿತು. ಅಮೆರಿಕದಲ್ಲಿ ಸುಬ್ಬರಾಯರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಅದು ಸ್ಪ್ರೂ ರೋಗಕ್ಕೆ ಮದ್ದಾಯಿತು. ಸೋದರರು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಬಸುರಿ ಹೆಂಗಸರಿಗೆ ನಮ್ಮ ಆರೋಗ್ಯ ಕೇಂದ್ರದಲ್ಲಿ ಕೊಡುವ ಮಾತ್ರೆಯಲ್ಲಿ ಇರುವುದೂ ಅದೇ ಫೋಲಿಕ್ ಆಮ್ಲ. ಆಮೇಲೆ ಅದೇ ತಂಡದವರು ಫೋಲಿಕ್ ಆಮ್ಲಕ್ಕೆ ಎದುರು ನಿಲ್ಲುವ ಔಷಧಿಗಳನ್ನು ಮಾಡಿದರು. ಬೋಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಅವುಗಳಲ್ಲೊಂದನ್ನು ರಕ್ತದ ಕ್ಯಾನ್ಸರ್ ಆದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಸುಧಾರಿಸಿದರು ಎಂದು 1948ರಲ್ಲಿ ಪ್ರಕಟಿಸಿದರು. ಆ ಸುಧಾರಣೆ ಬಹಳ ಕಾಲ ನಿಲ್ಲಲಿಲ್ಲ. ಆದರೆ ಯಾವ ಮದ್ದಿಗೂ ಬಗ್ಗದ ರೋಗ ಮೊದಲ ಸಲ ಬಗ್ಗಿತು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತುತ್ತಾ ಬಂದು, ಇಂದು ಮಕ್ಕಳಿಗೆ ಹೆಚ್ಚಾಗಿ ಬರುವ ಬಗೆಯ ರಕ್ತದ ಕ್ಯಾನ್ಸರ್, ಒಳ್ಳೆಯ ಚಿಕಿತ್ಸೆ ಸಿಕ್ಕ ಕಡೆ, ಹತ್ತು ಮಕ್ಕಳಲ್ಲಿ ಎಂಟು ಒಂಬತ್ತು ಮಕ್ಕಳಿಗೆ ವಾಸಿಯಾಗುತ್ತದೆ. ಟಾಟಾ ದತ್ತಿಯೇ ಇದನ್ನೆಲ್ಲ ಮಾಡಿತು ಎಂದು ನಾವು ಹೇಳುತ್ತಿಲ್ಲ. ಸಾವಿರ ಕೈ ಸೇರಿ ಆದ ಕೆಲಸ ಇದು. ಕಾಕಿನಾಡಿನ ದಾನಿಯ ಹಣ ಎಲ್ಲಿ ಹೋಗಿ ಫಲ ಕೊಟ್ಟಿತು ನೋಡಿ. ಕೊಟ್ಟವರಿಗೆ ಅದು ಗೊತ್ತಿರಲು ಸಾಧ್ಯವೇ?

ಅವರೆಲ್ಲ ಕೋಟ್ಯಧೀಶರು, ನಾವು ರೈತರು ಎನ್ನುತ್ತೀರಿ. ಬೆಂಗಳೂರಿನಲ್ಲಿ ಡುಶೆನ್ ಎಂಬ ರೋಗವಿರುವ ಗಂಡುಮಕ್ಕಳ ತಂದೆತಾಯಿಗಳು ಸೇರಿ ಒಂದು ಟ್ರಸ್ಟ್ ಮಾಡಿಕೊಂಡಿದ್ದಾರೆ. ಆಡುತ್ತಿದ್ದ ಹುಡುಗನ ಮಾಂಸಖಂಡ ದಿನೇ ದಿನೇ ಸೊರಗಿ ಅವನು ಕುರ್ಚಿಯ ಪಾಲಾಗುತ್ತಾನೆ. ಅಂಥ ಮಕ್ಕಳಿಗಾಗಿ ಆ ಹೆತ್ತವರು ಪ್ರಯೋಗಾಲಯವನ್ನೇ ಕಟ್ಟಿ ಸಂಶೋಧನೆಗೆ ಕೈಹಾಕಿದರು. ನಮ್ಮ ದಾವಣಗೆರೆಯನ್ನೇ ನೋಡಿ. ಜಯದೇವ ಜಗದ್ಗುರುಗಳ ಹೆಸರಿನ ವೈದ್ಯಕೀಯ ಕಾಲೇಜು 1965ರಲ್ಲಿ ಆರಂಭವಾಯಿತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸುರೇಶ ಹನಗವಾಡಿಯವರು ಸ್ವತಃ ಹಿಮೋಫಿಲಿಯಾ ಉಳ್ಳವರು. ಗಾಯವಾದರೆ ರಕ್ತ ನಿಲ್ಲದ ರೋಗ ಅದು. ತಾವು ಪಟ್ಟ ಪಾಡು ಬೇರೆಯವರು ಪಡಬಾರದೆಂದು ಅವರು ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದರು. ದುಃಖವನ್ನು ದುಡಿಮೆಗೆ ಹಚ್ಚಿದವರು ಹತ್ತಿರದಲ್ಲಿಯೇ ಇದ್ದಾರೆ.

ಈಗ ಕೆಲಸದ ಮಾತು. ಆ ಮನೆಯವರಿಗೆ ನಾವು ಏನು ಹೇಳಿದೆವೋ ಅದನ್ನೇ ನಿಮಗೂ ಹೇಳುತ್ತೇವೆ.

ಮೊದಲನೆಯದು, ಅವಸರ ಬೇಡ. ಹಸಿ ದುಃಖದಲ್ಲಿ ಮನುಷ್ಯ ತೋಟವನ್ನೇ ಬರೆದುಕೊಡುತ್ತಾನೆ, ಆಮೇಲೆ ಉಳಿದ ಮಕ್ಕಳ ಫೀಸಿಗೆ ಸಾಲ ಮಾಡುತ್ತಾನೆ. ಅದು ದಾಸೋಹವಲ್ಲ. ಹಣ ಬ್ಯಾಂಕಿನಲ್ಲಿರಲಿ, ಒಂದು ವರ್ಷ ಕಳೆಯಲಿ. ಅಣ್ಣ ತಮ್ಮಂದಿರು, ಹೆಣ್ಣುಮಕ್ಕಳು ಎಲ್ಲರೂ ಕುಳಿತು ಒಪ್ಪಲಿ.

ಎರಡನೆಯದು, ಚನ್ನಗಿರಿಯವರು ಸೂಳೆಕೆರೆಯನ್ನು ನೆನಪಿಸಿಕೊಳ್ಳಿ. ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ, ಆ ಜಾಗದಲ್ಲಿದ್ದ ಹೆಣ್ಣುಮಕ್ಕಳು ತಮ್ಮ ನೆಲ ಬಿಟ್ಟುಕೊಟ್ಟು, ಕೆರೆಗೆ ನಮ್ಮ ಹೆಸರಿರಲಿ ಎಂದು ಕೇಳಿದರೆಂಬ ಕಥೆ ಇದೆ. ಆ ಕೆರೆ ಇಷ್ಟು ಶತಮಾನ ಹೇಗೆ ಉಳಿಯಿತು? ಏರಿ ಗಟ್ಟಿ ಇದೆ, ಮತ್ತು ನೀರು ತೂಬಿನಲ್ಲಿ ಮಾತ್ರ ಹೋಗುತ್ತದೆ. ಸಿದ್ಧನ ತೂಬು, ಬಸವನ ತೂಬು ಎಂದು ಎರಡೇ ತೂಬು. ಏರಿ ಒಡೆದು ನೀರು ಬಿಟ್ಟರೆ ಒಂದು ವರ್ಷ ಎಲ್ಲರಿಗೂ ನೀರು, ಮರುವರ್ಷ ಯಾರಿಗೂ ಇಲ್ಲ. ದತ್ತಿಯೂ ಹಾಗೆಯೇ. ಮೂಲಧನ ಕೆರೆ, ಬಡ್ಡಿ ತೂಬಿನ ನೀರು. ಮೂಲಧನಕ್ಕೆ ಕೈಹಾಕಬಾರದೆಂದು ಪತ್ರದಲ್ಲಿ ಬರೆಸಿ. ಆ ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ, ಆದಾಯ ತೆರಿಗೆ ಇಲಾಖೆಯಲ್ಲಿಯೂ ದತ್ತಿಯನ್ನು ನೋಂದಾಯಿಸಿ, ಪ್ರತಿ ವರ್ಷ ಲೆಕ್ಕ ತಪಾಸಣೆ ಮಾಡಿಸಿ. ಧರ್ಮದರ್ಶಿಗಳಲ್ಲಿ ಮನೆಯವರೇ ತುಂಬಬೇಡಿ. ಒಬ್ಬ ವೈದ್ಯರಿರಲಿ, ಒಬ್ಬ ಮೇಷ್ಟ್ರಿರಲಿ. ತಾಯಿಯಂತೂ ಇರಲೇಬೇಕು.

ಮೂರನೆಯದು, ಉದ್ದೇಶ ಒಂದೇ ಇರಲಿ. ಸಂಶೋಧನೆ ಎಂದು ಬರೆಸಿ ಆಮೇಲೆ ಜಾತ್ರೆಗೂ ಕೊಟ್ಟೆವು, ಗೋಪುರಕ್ಕೂ ಕೊಟ್ಟೆವು ಎಂದರೆ ಯಾವುದೂ ಆಗುವುದಿಲ್ಲ. ಯಾವ ಸಂಶೋಧನೆಗೆ ಕೊಡಬೇಕೆಂದು ಆರಿಸುವವರು ಆ ವಿದ್ಯೆ ಬಲ್ಲವರಾಗಿರಲಿ. ನಮ್ಮನ್ನು ಕೇಳಬೇಡಿ. ನಮಗೆ ಅದು ತಿಳಿಯುವುದಿಲ್ಲ. ನೆಂಟರ ಹುಡುಗ ಡಾಕ್ಟರಾಗಿದ್ದಾನೆ ಎಂದೂ ಕೊಡಬೇಡಿ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದ ಪ್ರಯೋಗಕ್ಕೆ ಒಂದು ಕಾಸೂ ಹೋಗಬಾರದು. ಬಡವರ ಮೈಯಿಂದ ರಕ್ತ ತೆಗೆಯುವ ಮುನ್ನ ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ, ಒಪ್ಪಿದರೆ ಮಾತ್ರ ತೆಗೆಯಬೇಕು. ಆರು ತಿಂಗಳಲ್ಲಿ ಮದ್ದು ಕಂಡುಹಿಡಿಯುತ್ತೇನೆ ಎಂದು ಬರುವವನನ್ನು ಬಾಗಿಲಿನಿಂದಲೇ ಕಳಿಸಿಬಿಡಿ.

ನಾಲ್ಕನೆಯದು ತಾಳ್ಮೆ. ಅಡಿಕೆ ಸಸಿ ನೆಟ್ಟವನು ಮರುವರ್ಷವೇ ಗೊನೆ ಇಳಿಸುತ್ತಾನೆಯೇ? ಐದು, ಆರು, ಏಳು ವರ್ಷ ನೀರು ಹಾಯಿಸುತ್ತಾನೆ. ಸಂಶೋಧನೆಯಲ್ಲಿ ಸೋಲೂ ಬರುತ್ತದೆ. ಜಗಳೂರಿನವರಿಗೆ ಬೋರು ಕೊರೆಸಿ ಬರೀ ಧೂಳು ಎದ್ದದ್ದು ಗೊತ್ತಿದೆ. ಅಲ್ಲಿ ನಿಮ್ಮ ಹಣ ಹೋಯಿತು. ಆದರೆ ಸಂಶೋಧನೆಯಲ್ಲಿ, ಇಲ್ಲಿ ನೀರಿಲ್ಲ ಎಂದು ಬರೆದಿಟ್ಟರೆ ಮುಂದಿನವನು ಅಲ್ಲಿ ಕೊರೆಯುವುದಿಲ್ಲ. ಸೋತದ್ದನ್ನೂ ಪ್ರಕಟಿಸಬೇಕೆಂದು ಷರತ್ತು ಹಾಕಿ.

ಐದನೆಯದು, ಎಲ್ಲರೂ ಬೇರೆ ಬೇರೆ ಟ್ರಸ್ಟ್ ಮಾಡಬೇಕಿಲ್ಲ. ಸಣ್ಣ ಸಣ್ಣ ಹೊಂಡ ತೋಡಿದರೆ ಬೇಸಿಗೆಗೆ ಒಣಗುತ್ತವೆ. ಹತ್ತು ಮನೆ ಸೇರಿ ಒಂದು ದತ್ತಿ ಮಾಡಿ. ಅಷ್ಟೂ ಆಗದಿದ್ದರೆ ವೈದ್ಯಕೀಯ ಕಾಲೇಜಿನಲ್ಲಿ, ವಿಶ್ವವಿದ್ಯಾಲಯದಲ್ಲಿ ದತ್ತಿನಿಧಿ ಇಡಲು ಸಾಧ್ಯವೇ ಎಂದು ವಿಚಾರಿಸಿ. ಓದುವ ಹುಡುಗರು ರಜೆಯಲ್ಲಿ ಎರಡು ತಿಂಗಳು ಹಳ್ಳಿ ಸುತ್ತಿ, ಯಾವ ಊರಲ್ಲಿ ಯಾವ ಜ್ವರ ಯಾವಾಗ ಬಂತು ಎಂದು ಬರೆದುಕೊಂಡರೂ ಅದು ಸಂಶೋಧನೆಯೇ. ಅದಕ್ಕೆ ಕೋಟಿ ಬೇಕಾಗಿಲ್ಲ. ಮೆಕ್ಕೆಜೋಳ ಬೆಳೆಯುವ ನ್ಯಾಮತಿಯವರಿಗೆ ಗೊತ್ತು, ಒಂದು ಒಳ್ಳೆಯ ಬೀಜದ ಹಿಂದೆ ಎಷ್ಟು ಜನ ಎಷ್ಟು ಹಂಗಾಮು ಹೊಲದಲ್ಲಿ ನಿಂತು ತೆನೆ ಎಣಿಸಿರುತ್ತಾರೆ ಎಂದು.

ಇಲ್ಲಿ ಒಬ್ಬ ಹಿರಿಯರು ಕೇಳಿದ್ದರು: "ಬುದ್ಧಿ, ಇವತ್ತು ಆಸ್ಪತ್ರೆ ಬಿಲ್ಲು ಕಟ್ಟಲಾಗದೆ ಅಳುವವನನ್ನು ಬಿಟ್ಟು, ಎಂದೋ ಬರುವ ಮದ್ದಿಗೆ ಹಣ ಕೊಡುವುದು ನ್ಯಾಯವೇ?" ಇದು ಸರಿಯಾದ ಪ್ರಶ್ನೆ. ನಮ್ಮ ಉತ್ತರ ಇಷ್ಟೇ. ಎದುರಿಗೆ ಅಳುವವನನ್ನು ದಾಟಿಕೊಂಡು ಹೋಗಬೇಡಿ, ಅವನಿಗೆ ಕೈಲಾದದ್ದನ್ನು ಇಂದೇ ಕೊಡಿ. ಆದರೆ ಅವನಿಗೆ ಸಹಾಯ ಮಾಡುವವರು ಹತ್ತು ಜನ ಸಿಗುತ್ತಾರೆ, ಏಕೆಂದರೆ ಅವನ ಕಣ್ಣೀರು ಕಾಣುತ್ತದೆ. ಮುಂದೆ ಹುಟ್ಟುವ ಮಗುವಿನ ಕಣ್ಣೀರು ಯಾರಿಗೂ ಕಾಣುವುದಿಲ್ಲ. ಅದು ಕಾಣುವುದು ಮಗುವನ್ನು ಕಳೆದುಕೊಂಡ ತಾಯಿಗೆ ಮಾತ್ರ. ಅದಕ್ಕಾಗಿಯೇ ಆಕೆಯ ಮಾತಿಗೆ ನಾವು ತಲೆಬಾಗಿದೆವು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ದತ್ತಿ ಮಾಡಿದರೆ ದುಃಖ ಹೋಗುವುದಿಲ್ಲ. ಹೋಗುತ್ತದೆಂದು ಹೇಳಿದರೆ ನಾವು ಸುಳ್ಳು ಹೇಳಿದಂತೆ. ಕಾರಣ ಸಿಕ್ಕಿದರೂ ಮಗು ಬರುವುದಿಲ್ಲ. ಕಾರಣ ಅವರ ಜೀವಮಾನದಲ್ಲಿ ಸಿಗದೆಯೂ ಹೋಗಬಹುದು. ಆ ತಾಯಿಗೆ ಇದನ್ನು ನೇರವಾಗಿಯೇ ಹೇಳಿದೆವು. "ಗೊತ್ತು ಬುದ್ಧಿ" ಎಂದಳು.

ಕೊನೆಗೆ ಹೆಸರಿನ ವಿಚಾರ ಬಂತು. ಮಗುವಿನ ಹೆಸರು ಇಟ್ಟರೆ ಕೀರ್ತಿಗೆ ಮಾಡಿದಂತೆ ಆಗುತ್ತದೇನೋ, ಗುಪ್ತದಾನವೇ ಮೇಲಲ್ಲವೇ ಎಂದು ಅಜ್ಜ ಹಿಂಜರಿದರು. ಕಲ್ಯಾಣ ಮಂಟಪದ ಆಸೆಯನ್ನು ಅವರು ಆಗಲೇ ಬಿಟ್ಟಿದ್ದರು. ಅದು ಅವರ ದೊಡ್ಡತನ. ಆಗ ತಾಯಿ ಹೇಳಿದಳು: "ಮನೇಲಿ ಆ ಹೆಸರು ಹಿಡಿದು ಕರೆಯೋರಿಲ್ಲ ಬುದ್ಧಿ. ಓದೋ ಹುಡುಗ ಒಬ್ಬ ವರ್ಷಕ್ಕೊಂದು ಸಲ ಕಾಗದದ ಮೇಲೆ ಅವಳ ಹೆಸರು ಬರೆದರೆ ಸಾಕು." ಕೆರೆಗೆ ಶಾಂತಿಸಾಗರ ಎಂದು ಬೇರೆ ಹೆಸರು ಇಟ್ಟರೂ ಜನ ಇಂದಿಗೂ ನೆಲ ಕೊಟ್ಟವರ ಹೆಸರಿನಿಂದಲೇ ಕರೆಯುತ್ತಾರೆ. ಹೆಸರು ಇಡಿ ಎಂದೆವು.

ಪತ್ರ ಇನ್ನೂ ನೋಂದಣಿಯಾಗಿಲ್ಲ, ಕರಡು ಸಿದ್ಧವಾಗಿದೆ. ಅಷ್ಟರಲ್ಲಿಯೇ, ಚನ್ನಗಿರಿ ಕಡೆಯ ಇನ್ನೆರಡು ಮನೆಯವರು ನಾವೂ ಸೇರುತ್ತೇವೆ ಎಂದು ಹೇಳಿಕಳಿಸಿದ್ದಾರೆ. ಅವರೂ ಮಕ್ಕಳನ್ನು ಕಳೆದುಕೊಂಡವರೇ. ಇಲ್ಲಿ ಕುಳಿತವರಲ್ಲಿ ಅಂಥವರು ಇನ್ನೂ ಇರಬಹುದು. ನಿಮ್ಮನ್ನು ಯಾರೂ ಒತ್ತಾಯ ಮಾಡುವುದಿಲ್ಲ. ಗೋಷ್ಠಿ ಮುಗಿದ ಮೇಲೆ ಪ್ರಸಾದ ತೆಗೆದುಕೊಳ್ಳಿ. ಮಾತನಾಡಬೇಕೆನಿಸಿದರೆ ಆ ತಾಯಿ ಪ್ರಸಾದ ನಿಲಯದ ಬಾಗಿಲಲ್ಲಿ ಮಜ್ಜಿಗೆ ಬಡಿಸುತ್ತಿರುತ್ತಾಳೆ, ಅವಳ ಹತ್ತಿರ ಮಾತನಾಡಿ. ನಮಗಿಂತ ಅವಳಿಗೆ ಹೆಚ್ಚು ಗೊತ್ತಿದೆ.

ನೊಂದವರಿಗೆಲ್ಲ ಬಸವಾದಿ ಪ್ರಮಥರು ಬಲ ಕೊಡಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.